ಬಿಡಿಸಿದ್ದು ಆರು ಸಾವಿರ, ಕಡಿಮೆಯಾದದ್ದು ಇಪ್ಪತ್ತು ಸಾವಿರ: ಐಟಿ ನೌಕರರ ಸಿಟ್ಟಿನ ಲೆಕ್ಕ

ಕಲಬುರಗಿಯ ಜಗತ್ ಸರ್ಕಲ್‌ನಲ್ಲಿ ಚಹಾ ಕುಡಿಯುತ್ತ ಪೇಪರ್ ತಿರುವುವವರಿಗೆ ಐಟಿ ಕಂಪನಿಗಳ ಸುದ್ದಿ ಈಚೆಗೆ ತಾಳೆಯಾಗದ ಲೆಕ್ಕದಂತೆ ಕಾಣುತ್ತಿದೆ. 2025ರ ಜುಲೈನಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಶೇ 2ರಷ್ಟು, ಅಂದರೆ ಸುಮಾರು 12,000 ಮಂದಿಯನ್ನು ಆ ಆರ್ಥಿಕ ವರ್ಷದಲ್ಲಿ ಕಡಿಮೆ ಮಾಡುವುದಾಗಿ ಹೇಳಿತು. ಅದೇ ತಿಂಗಳು ಪ್ರಕಟವಾದ ಅದರ ಮೂರು ತಿಂಗಳ ಲಾಭ 12,760 ಕೋಟಿ ರೂಪಾಯಿ. ಸೆಪ್ಟೆಂಬರ್‌ನಲ್ಲಿ ಬಹುಪಾಲು ನೌಕರರ ಸಂಬಳವನ್ನೂ ಏರಿಸಿತು. ಅಕ್ಟೋಬರ್‌ನಲ್ಲಿ ಹೊಸ ಅಂಕಿ ಬಂತು. ಜೂನ್ ಕೊನೆಗೆ 6,13,069 ಇದ್ದ ನೌಕರರ ಸಂಖ್ಯೆ ಸೆಪ್ಟೆಂಬರ್ ಕೊನೆಗೆ 5,93,314. ಮೂರು ತಿಂಗಳಲ್ಲಿ 19,755 ಜನ ಕಡಿಮೆ. ತಾನು ಬಿಡಿಸಿದ್ದು ಸುಮಾರು 6,000 ಮಂದಿಯನ್ನು ಮಾತ್ರ ಎಂದಿತು ಕಂಪನಿ. ನೌಕರರ ಸಂಘಟನೆಗಳು ಒಪ್ಪಲಿಲ್ಲ.

ಈ ಭಾಗದ ಎಷ್ಟೋ ಮನೆಗಳಲ್ಲಿ ಒಬ್ಬ ಮಗನೋ ಮಗಳೋ ಬೆಂಗಳೂರಿನಲ್ಲಿ, ಇಲ್ಲವೇ ಹೈದರಾಬಾದಿನಲ್ಲಿ ಇಂಥ ಕಂಪನಿಯಲ್ಲಿದ್ದಾರೆ. ಕಂಪನಿ ಲಾಭದಾಗ ಅದ, ಪಗಾರ ಟೈಮಿಗೆ ಬರ್ತದ, ಮತ್ತ್ಯಾಕ ಹುಡುಗರು ಹಿಂಗ ಕುದಿಲಾಕತ್ತಾರ ಎಂಬುದು ಹಿರಿಯರ ಪ್ರಶ್ನೆ. ಪ್ರಶ್ನೆ ಸರಿಯಾಗಿಯೇ ಇದೆ. ಉತ್ತರ ಹುಡುಕಲು ಆ ಎರಡು ಅಂಕಿಗಳ ನಡುವಿನ ಅಂತರದಿಂದಲೇ ಹೊರಡಬೇಕು.

ಅಂಕಿಯಲ್ಲಿ ಸುಳ್ಳಿಲ್ಲ, ಪದದಲ್ಲಿ ಅನುಮಾನ

ದೊಡ್ಡ ಐಟಿ ಕಂಪನಿಯೆಂದರೆ ಒಂದು ಬದಿಯಿಂದ ನೀರು ಬಂದು ಇನ್ನೊಂದು ಬದಿಯಿಂದ ಹರಿದುಹೋಗುವ ಕೆರೆ. ತಾವಾಗಿಯೇ ಕೆಲಸ ಬಿಡುವವರ ಪ್ರಮಾಣವನ್ನು ಟಿಸಿಎಸ್ ಆಗ ವರ್ಷಕ್ಕೆ ಶೇ 13.3 ಎಂದು ತೋರಿಸಿತ್ತು. ಆರು ಲಕ್ಷ ಜನರಿರುವ ಕಡೆ ಶೇ 13.3 ಅಂದರೆ ವರ್ಷಕ್ಕೆ ಹತ್ತಿರಹತ್ತಿರ 80,000, ಮೂರು ತಿಂಗಳಿಗೆ 20,000. ಮಾಮೂಲಿ ದಿನಗಳಲ್ಲಿ ಹೋದಷ್ಟೇ ಜನರನ್ನು ಹೊಸದಾಗಿ ತೆಗೆದುಕೊಳ್ಳುವುದರಿಂದ ಕೆರೆಯ ಮಟ್ಟ ಇಳಿಯುವುದಿಲ್ಲ. ನೇಮಕಾತಿಯ ತೂಬನ್ನು ಸ್ವಲ್ಪ ಬಿಗಿ ಮಾಡಿದರೆ ಸಾಕು, ಯಾರನ್ನೂ ಹೊರಗೆ ಕಳಿಸದೆಯೇ ಸಾವಿರಾರು ಜನ ಕಡಿಮೆಯಾಗುತ್ತಾರೆ. ಹೀಗಾಗಿ 6,000 ಮತ್ತು 19,755 ಎರಡೂ ಏಕಕಾಲಕ್ಕೆ ನಿಜವಾಗಿರಲು ಅಡ್ಡಿಯಿಲ್ಲ.

ಜಗಳ ಇರುವುದು 'ತಾವಾಗಿಯೇ' ಎಂಬ ಪದದ ಮೇಲೆ. ರಾಜೀನಾಮೆ ಕೊಟ್ಟವರೆಲ್ಲ ಮನಸ್ಸಿನಿಂದ ಕೊಟ್ಟರೇ, ಕೊಡಿಸಿಕೊಳ್ಳಲಾಯಿತೇ? ಕಂಪನಿಯ ಪುಸ್ತಕದಲ್ಲಿ ಎರಡಕ್ಕೂ ಒಂದೇ ಕಾಲಂ. ಹೊರಗಿನಿಂದ ಎಣಿಸುವವರಿಗೆ ಎರಡನ್ನು ಬೇರೆ ಮಾಡುವ ದಾರಿಯೇ ಇಲ್ಲ.

ನಾಲ್ಕು ಗಂಟೆಯ ಮೀಟಿಂಗ್

ಐಟಿ ವಲಯದ ನೌಕರ ಸಂಘಟನೆಗಳಿಗೆ ವರ್ಷಗಳಿಂದ ಬರುತ್ತಿರುವ ದೂರುಗಳಲ್ಲಿ ಒಂದು ಚಿತ್ರ ಮತ್ತೆ ಮತ್ತೆ ಕಾಣುತ್ತದೆ. ಯಾವ ಕಂಪನಿ ಎಂಬುದು ಬದಲಾಗುತ್ತದೆ, ಕ್ರಮ ಬದಲಾಗುವುದಿಲ್ಲ. ಮಧ್ಯಾಹ್ನ ಕ್ಯಾಲೆಂಡರಿಗೆ, ಸಂಜೆ ನಾಲ್ಕಕ್ಕೆಂದು, ಹದಿನೈದು ನಿಮಿಷದ ಒಂದು ಮೀಟಿಂಗ್ ಬಂದು ಕೂರುತ್ತದೆ, ವಿಷಯದ ಜಾಗದಲ್ಲಿ 'ಕನೆಕ್ಟ್' ಎಂದಷ್ಟೇ ಇರುತ್ತದೆ. ಆ ಕಡೆ ಎಚ್ಆರ್‌ನವರು ಒಬ್ಬರು, ನೌಕರರು ಅದುವರೆಗೆ ಒಮ್ಮೆಯೂ ಮಾತಾಡಿಸದ ಯೂನಿಟ್ ಮುಖ್ಯಸ್ಥರು ಒಬ್ಬರು. ದಿನವೂ ಕೆಲಸ ಕೊಡುವ ಮ್ಯಾನೇಜರ್ ಅಲ್ಲಿರುವುದಿಲ್ಲ. ಎರಡು ದಾರಿ ಹೇಳುತ್ತಾರೆ: ಇವತ್ತೇ ಪೋರ್ಟಲ್‌ನಲ್ಲಿ ರಾಜೀನಾಮೆ ಹಾಕಿದರೆ ಕೆಲವು ತಿಂಗಳ ಸಂಬಳ, ಒಳ್ಳೆಯ ರಿಲೀವಿಂಗ್ ಲೆಟರ್. ಇಲ್ಲವಾದರೆ ಟರ್ಮಿನೇಷನ್. ಪೋರ್ಟಲ್‌ನಲ್ಲಿ ಕಾರಣ ಆರಿಸುವ ಪಟ್ಟಿಯೊಂದು ಇಳಿಯುತ್ತದೆ. ಉನ್ನತ ವ್ಯಾಸಂಗ, ಕೌಟುಂಬಿಕ ಕಾರಣ, ಉತ್ತಮ ಅವಕಾಶ. 'ಕಂಪನಿ ಹೇಳಿತು' ಎಂಬ ಆಯ್ಕೆ ಅದರಲ್ಲಿ ಇರುವುದಿಲ್ಲ.

ಬಹಳಷ್ಟು ಜನ ರಾಜೀನಾಮೆಯನ್ನೇ ಆರಿಸುತ್ತಾರೆ, ಕಾರಣ ಸರಳ. ಮುಂದಿನ ಕಂಪನಿ ಸೇರುವಾಗ ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್ ಎಂಬ ಜರಡಿ ಇದೆ. ಹಳೆಯ ಕಂಪನಿಗೆ ಕೇಳಿದಾಗ 'ತೆಗೆದುಹಾಕಲಾಗಿದೆ' ಎಂಬ ಉತ್ತರ ಬಂದರೆ ಕೈಗೆ ಬಂದ ಆಫರ್ ಜಾರಬಹುದು. ನೌಕರನ ಮುಂದಿನ ಅನ್ನದ ಕೀಲಿಕೈ ಅವನನ್ನು ಹೊರಗೆ ಹಾಕುವವರ ಕೈಯಲ್ಲೇ ಇರುವಾಗ ಚೌಕಾಸಿಗೆ ಜಾಗವೆಲ್ಲಿ?

ಆ ಒಂದು ಕ್ಲಿಕ್‌ನೊಂದಿಗೆ ಕಾನೂನೂ ಕೈಬಿಡುತ್ತದೆ. ನೌಕರನನ್ನು ಹೆಚ್ಚುವರಿ ಎಂದು ತೆಗೆಯುವುದಾದರೆ ಒಂದು ತಿಂಗಳ ನೋಟಿಸ್, ಸೇವೆಯ ಪ್ರತಿ ವರ್ಷಕ್ಕೆ 15 ದಿನದ ವೇತನ ಕೊಡಬೇಕು. ಒಂದೇ ಬಗೆಯ ಕೆಲಸದವರಲ್ಲಿ ಕೊನೆಗೆ ಬಂದವರು ಮೊದಲು ಹೋಗಬೇಕು, ಈ ಕ್ರಮ ತಪ್ಪಿದರೆ ಕಾರಣ ದಾಖಲಿಸಬೇಕು. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿದ್ದ ಈ ನಿಯಮಗಳನ್ನು 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಉಳಿಸಿಕೊಂಡಿದೆ. ರಾಜೀನಾಮೆ ಕೊಟ್ಟವರಿಗೆ ಇದ್ಯಾವುದೂ ತಾಗುವುದಿಲ್ಲ. ಒತ್ತಾಯದಿಂದ ಬರೆಸಿಕೊಂಡರು ಎಂದು ಆಮೇಲೆ ಹೇಳಬಹುದು, ಆದರೆ ಸಾಬೀತು ಮಾಡುವ ಹೊಣೆ ಹೇಳಿದವರದೇ. ಹದಿನೈದು ನಿಮಿಷದ ಆ ಮೀಟಿಂಗಿಗೆ ಯಾವ ಕಾಗದವೂ ಇರುವುದಿಲ್ಲ.

ಹಣದ ಲೆಕ್ಕದಲ್ಲಿ ಕಂಪನಿಗಳು ಜಿಪುಣತನ ಮಾಡುತ್ತವೆ ಎನ್ನಲು ಬಾರದು. ಜುಲೈ–ಸೆಪ್ಟೆಂಬರ್ ಅವಧಿಯಲ್ಲಿ ಟಿಸಿಎಸ್ ಪುನರ್ರಚನೆಯ ವೆಚ್ಚವೆಂದು 1,135 ಕೋಟಿ ರೂಪಾಯಿ ತೋರಿಸಿತು. ಎಷ್ಟೋ ಜನರಿಗೆ ಕಾನೂನು ಹೇಳುವುದಕ್ಕಿಂತ ಹೆಚ್ಚೇ ಸಿಕ್ಕಿರಬಹುದು. ಕೈತಪ್ಪುವುದು ಬೇರೆ: 'ನನ್ನನ್ನೇ ಯಾಕೆ?' ಎಂದು ಕೇಳಿ ಲಿಖಿತ ಉತ್ತರ ಪಡೆಯುವ ಹಕ್ಕು. ಇಡೀ ಅಸಮಾಧಾನದ ಬೇರು ಇಲ್ಲಿದೆ ಎಂಬುದು ಈ ಲೇಖನದ ವಾದ. ಉಳಿದ ದೂರುಗಳನ್ನೂ ಈ ಕಣ್ಣಿಂದ ನೋಡಿದರೆ ಅರ್ಥವಾಗುತ್ತವೆ.

ಬೆಂಚ್, ರೇಟಿಂಗ್, ಹಾಜರಿ

ಒಂದು ಪ್ರಾಜೆಕ್ಟ್ ಮುಗಿದು ಇನ್ನೊಂದು ಸಿಗುವವರೆಗಿನ ಕಾಲವನ್ನು ಬೆಂಚ್ ಎನ್ನುತ್ತಾರೆ. ವರ್ಷದಲ್ಲಿ 225 ದಿನ ಗ್ರಾಹಕರಿಗೆ ಬಿಲ್ ಮಾಡುವ ಕೆಲಸದಲ್ಲಿರಬೇಕು, ಬೆಂಚ್ ಮೇಲೆ 35 ದಿನ ಮೀರಬಾರದು ಎಂಬ ನಿಯಮವನ್ನು ಟಿಸಿಎಸ್ 2025ರ ಜೂನ್‌ನಲ್ಲಿ ತಂದಿತು. ಮೇಲ್ನೋಟಕ್ಕೆ ತಪ್ಪೇನಿಲ್ಲ, ಕೂತು ಸಂಬಳ ಎಣಿಸುವುದನ್ನು ಯಾವ ಮಾಲೀಕ ಒಪ್ಪುತ್ತಾನೆ? ಆದರೆ ಪ್ರಾಜೆಕ್ಟ್ ತರುವುದು ನೌಕರನ ಕೆಲಸವಲ್ಲ. ಅಮೆರಿಕದ ಬ್ಯಾಂಕೊಂದು ಗುತ್ತಿಗೆ ನಿಲ್ಲಿಸಿದರೆ, ವ್ಯಾಪಾರ ವಿಭಾಗ ಹೊಸ ಗುತ್ತಿಗೆ ತರದಿದ್ದರೆ, ಬೆಂಚ್ ಮೇಲೆ ಬೀಳುವವನು ಚಿತ್ತಾಪುರದಿಂದ ಹೋದ ಟೆಸ್ಟರ್. ಮಳೆ ಬರಲಿಲ್ಲವೆಂದು ಆಳಿನ ಕೂಲಿ ಹಿಡಿದ ಹಾಗೆ.

ರೇಟಿಂಗ್ ಕಥೆಯೂ ಇದೇ. ಹಲವು ಕಂಪನಿಗಳಲ್ಲಿ ತಂಡದ ಇಂತಿಷ್ಟು ಪಾಲು ಕೆಳಗಿನ ದರ್ಜೆಗೆ ಬೀಳಲೇಬೇಕು. ತೊಗರಿ ವ್ಯವಹಾರ ಗೊತ್ತಿರುವ ಊರಿಗೆ ಹೀಗೆ ಹೇಳಬಹುದು: ಗಂಜ್‌ಗೆ ಬಂದ ನೂರು ಚೀಲವೂ ಚೊಕ್ಕ ಮಾಲೇ ಇರಲಿ, ಹತ್ತು ಚೀಲಕ್ಕೆ 'ಕಳಪೆ' ಚೀಟಿ ಹಚ್ಚಲೇಬೇಕೆಂದು ಬೆಳಿಗ್ಗೆಯೇ ಬರೆದಿಟ್ಟಿದ್ದಾರೆ. ಯಾವ ಹತ್ತು ಎಂಬುದಷ್ಟೇ ಬಾಕಿ. ಆ ಚೀಟಿ ಹಚ್ಚುವ ಕೆಲಸ ಕೆಳಗಿನ ಮ್ಯಾನೇಜರನದು, ಸಂಖ್ಯೆ ಗೊತ್ತುಮಾಡುವುದು ಮೇಲಿನವರದು. ಬೈಗುಳ ಬೀಳುವುದು ಚೀಟಿ ಹಚ್ಚಿದವನಿಗೆ. ನೌಕರರ ಮಾತಿನಲ್ಲಿ 'ಮ್ಯಾನೇಜರ್' ಮತ್ತು 'ಮ್ಯಾನೇಜ್‌ಮೆಂಟ್' ಎರಡು ಬೇರೆ ಪ್ರಾಣಿಗಳಾಗಿರುವುದು ಇದರಿಂದಲೇ. ಮೊದಲನೆಯವನ ಮೇಲೆ ಸಿಟ್ಟಿಗಿಂತ ಕನಿಕರವೇ ಜಾಸ್ತಿ, ಅವನೂ ಮುಂದಿನ ಪಟ್ಟಿಯಲ್ಲಿರಬಹುದು. ಟಿಸಿಎಸ್ ಕಡಿತ ಹೆಚ್ಚಾಗಿ ತಟ್ಟಿದ್ದು ಮಧ್ಯಮ ಮತ್ತು ಹಿರಿಯ ಹಂತದವರಿಗೇ.

ಮೂರನೆಯದು ಹಾಜರಿ. ಕೋವಿಡ್ ಕಾಲದಲ್ಲಿ ಕಂಪನಿಗಳೇ ಮನೆಗೆ ಕಳಿಸಿದವು. ಆಳಂದ, ಸುರಪುರ, ಭಾಲ್ಕಿಯ ಮಾಳಿಗೆ ಕೋಣೆಗಳಲ್ಲಿ ಕೂತು, ಕರೆಂಟ್ ಹೋದಾಗ ಇನ್ವರ್ಟರ್ ಹಚ್ಚಿಕೊಂಡು, ಮೊಬೈಲ್ ನೆಟ್ ಹಿಡಿದು ಹುಡುಗರು ಅಮೆರಿಕದ ಕೆಲಸ ಮುಗಿಸಿದರು. ಕಂಪನಿಗಳ ಲಾಭ ಆಗ ಕಡಿಮೆಯಾಗಲಿಲ್ಲ. 2024ರಲ್ಲಿ ಟಿಸಿಎಸ್ ಕಚೇರಿಯ ಹಾಜರಿಯನ್ನು ವೇರಿಯಬಲ್ ಪೇಗೆ, ಅಂದರೆ ಸಂಬಳದ ಏರಿಳಿಯುವ ಭಾಗಕ್ಕೆ, ಗಂಟು ಹಾಕಿತು: ಶೇ 60ಕ್ಕಿಂತ ಕೆಳಗಿದ್ದರೆ ಏನೂ ಇಲ್ಲ, ಪೂರ್ತಿ ಬೇಕಾದರೆ ಶೇ 85 ದಾಟಬೇಕು. ಬೆಂಗಳೂರಿನಲ್ಲೇ ಮನೆ ಇರುವವನಿಗೆ ಇದು ಟ್ರಾಫಿಕ್‌ನ ಕಿರಿಕಿರಿ. ಕಲಬುರಗಿಯವನಿಗೆ ಬಾಡಿಗೆ, ಡಿಪಾಸಿಟ್, ವಯಸ್ಸಾದ ತಂದೆತಾಯಿಯನ್ನು ಬಿಟ್ಟುಹೋಗುವುದು, ಹಬ್ಬಕ್ಕೆ ತಿಂಗಳುಗಟ್ಟಲೆ ಮೊದಲೇ ಉದ್ಯಾನ್ ಎಕ್ಸ್‌ಪ್ರೆಸ್ ಟಿಕೆಟ್ ಹಿಡಿಯುವುದು.

ಈ ಮೂರನ್ನೂ ಕೇಳಬಹುದಾದ ವೇದಿಕೆಯೆಂದು ತೋರಿಸುವುದು ಮುಖ್ಯಸ್ಥರು ನೌಕರರೆಲ್ಲರ ಜೊತೆ ನಡೆಸುವ ಟೌನ್‌ಹಾಲ್ ಸಭೆಯನ್ನು. ಹೆಸರು ಹೇಳದೆ ಪ್ರಶ್ನೆ ಕಳಿಸಬಹುದು, ಬೇರೆಯವರು ಅದಕ್ಕೆ ಲೈಕ್ ಒತ್ತಬಹುದು. ಸಾವಿರ ಲೈಕ್ ಬಿದ್ದ ಪ್ರಶ್ನೆಗೆ 'ಇದನ್ನು ಆಫ್‌ಲೈನ್ ಮಾತಾಡೋಣ' ಎಂಬ ಉತ್ತರ ಬಂದರೆ, ಮುಂದಿನ ಸಭೆಗೆ ಜನ ಪ್ರಶ್ನೆ ಕಳಿಸುವುದನ್ನೇ ಬಿಡುತ್ತಾರೆ. ಪ್ರಶ್ನೆ ಬರಲಿಲ್ಲವೆಂದರೆ ಎಲ್ಲರೂ ಖುಷಿಯಾಗಿದ್ದಾರೆ ಎಂದು ಮೇಲೆ ಬರೆದುಕೊಳ್ಳುತ್ತಾರೆ.

ಮೇಲಿನವರ ವಾದ

ಅವರ ಮಾತನ್ನೂ ತೂಗಬೇಕು, ಪೊಳ್ಳು ಎಂದು ಎತ್ತಿ ಒಗೆಯುವಂಥದ್ದಲ್ಲ. ಭಾರತದ ಐಟಿ ಸೇವೆಗಳ ವ್ಯವಹಾರ ನಿಂತಿರುವುದು ಪಿರಮಿಡ್ ಮಾದರಿಯ ಮೇಲೆ. ತಳದಲ್ಲಿ ಕಡಿಮೆ ಸಂಬಳದ ಫ್ರೆಶರ್‌ಗಳು ಬಹಳ, ಮೇಲೆ ಹೋದಂತೆ ಜನ ಕಡಿಮೆ. ನಡುವಿನ ಹನ್ನೆರಡು–ಹದಿನೈದು ವರ್ಷ ಅನುಭವದವರ ಕೆಲಸ ಹೆಚ್ಚಾಗಿ ಸಂಯೋಜನೆ: ಯಾರು ಏನು ಮಾಡಬೇಕು, ಎಲ್ಲಿಗೆ ಬಂತು ಎಂದು ನೋಡುವುದು. ಆ ಕೆಲಸಕ್ಕೆ ಪ್ರತ್ಯೇಕ ಬಿಲ್ ಕೊಡಲು ವಿದೇಶಿ ಗ್ರಾಹಕರು ಈಗ ತಯಾರಿಲ್ಲ. ಅಮೆರಿಕ 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್‌–1ಬಿ (ವಿದೇಶಿ ತಂತ್ರಜ್ಞರ) ವೀಸಾ ಅರ್ಜಿಗಳಿಗೆ 1 ಲಕ್ಷ ಡಾಲರ್ ಶುಲ್ಕ ಹೇರಿತು. ಕೋಡ್ ಬರೆಯುವ, ಪರೀಕ್ಷಿಸುವ ಕೆಲಸದಲ್ಲಿ ಎಐ ಕೈ ಹಾಕಿದೆ, ಗ್ರಾಹಕರು ಅದರ ಉಳಿತಾಯದಲ್ಲಿ ತಮ್ಮ ಪಾಲು ಕೇಳುತ್ತಿದ್ದಾರೆ. ಟಿಸಿಎಸ್ ಮುಖ್ಯಸ್ಥ ಕೆ. ಕೃತಿವಾಸನ್ ಮಾತ್ರ ಕಡಿತಕ್ಕೆ ಎಐ ಕಾರಣವಲ್ಲ, ಕೌಶಲ್ಯ ಹೊಂದದಿರುವುದು ಕಾರಣ ಎಂದರು.

ಹೊಂದಲಿಲ್ಲ ಸರಿ, ಹತ್ತು ವರ್ಷ ಒಂದೇ ಗ್ರಾಹಕರ ಹಳೆಯ ಸಾಫ್ಟ್‌ವೇರ್ ನೋಡಿಕೊಳ್ಳಲು ಕೂರಿಸಿದ್ದು ಯಾರು? ನೌಕರರ ಈ ಮರುಪ್ರಶ್ನೆಗೆ ಆಡಳಿತದ ಕಡೆಯಿಂದ ಮನಮುಟ್ಟುವ ಉತ್ತರ ಬಂದಿಲ್ಲ. ಇದರ ಜೊತೆಗೆ ಇನ್ನೊಂದು ಲೆಕ್ಕವನ್ನೂ ಜನ ಇಟ್ಟುನೋಡುತ್ತಾರೆ. ದೊಡ್ಡ ಸೇವಾ ಕಂಪನಿಗಳಲ್ಲಿ ಫ್ರೆಶರ್ ಸಂಬಳ ಹತ್ತು ವರ್ಷದ ಹಿಂದೆಯೂ ವರ್ಷಕ್ಕೆ 3ರಿಂದ 4 ಲಕ್ಷದ ಒಳಗಿತ್ತು, ಈಗಲೂ ಬಹುಮಟ್ಟಿಗೆ ಅಲ್ಲೇ ಇದೆ. ಆ ಹತ್ತು ವರ್ಷದಲ್ಲಿ ಮೇಲಿನ ಕುರ್ಚಿಗಳ ವೇತನ ಎಲ್ಲಿಗೆ ಹೋಯಿತೆಂಬುದನ್ನು ಕಂಪನಿಗಳ ವಾರ್ಷಿಕ ವರದಿಗಳೇ ಹೇಳುತ್ತವೆ. ಇಂಥ ಹೊತ್ತಿನಲ್ಲಿ 2023ರಲ್ಲಿ ಎನ್.ಆರ್. ನಾರಾಯಣಮೂರ್ತಿ ವಾರಕ್ಕೆ 70 ಗಂಟೆಯ ದುಡಿಮೆಯ ಮಾತಾಡಿದರು. ಎಲ್ ಅಂಡ್ ಟಿ ಅಧ್ಯಕ್ಷರು 2025ರ ಜನವರಿಯಲ್ಲಿ ಅದನ್ನು 90ಕ್ಕೆ ಏರಿಸಿದರು. ಗಾಯದ ಮೇಲೆ ಬರೆ ಎಳೆಯುವುದು ಅಂದರೆ ಹೀಗೆ.

ವಿನಾಯಿತಿಗೆ ತೆತ್ತ ಬೆಲೆ ಎಲ್ಲಿದೆ

ಹಾಗಾದರೆ ಲೇಬರ್ ಆಫೀಸಿಗೆ ಹೋಗಬಾರದೇಕೆ? ಇಲ್ಲಿ ಎರಡು ತಪ್ಪು ತಿಳಿವಳಿಕೆಗಳಿವೆ.

ಸರ್ಕಾರದ ಅನುಮತಿ ಇಲ್ಲದೆ ಇಷ್ಟು ಜನರನ್ನು ತೆಗೆಯುವ ಹಾಗಿಲ್ಲ ಎಂಬುದು ಮೊದಲನೆಯದು. ಮುಂಗಡ ಅನುಮತಿಯ ನಿಯಮ ಇರುವುದು ಕಾರ್ಖಾನೆ, ಗಣಿ, ತೋಟಗಳಿಗೆ. ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆ ಅದರೊಳಗೆ ಬರುತ್ತದೆ, ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿ ಬರುವುದಿಲ್ಲ. ಎರಡನೆಯದು, ಐಟಿಯವರು ಕಾರ್ಮಿಕರೇ ಅಲ್ಲ ಎಂಬುದು. ತಾಂತ್ರಿಕ ಕೆಲಸ ಮಾಡುವವರು ಕಾನೂನಿನ ಅರ್ಥದಲ್ಲಿ ಕಾರ್ಮಿಕರೇ. ಹೊರಗಿಡುವುದು ನಿಜವಾಗಿ ಆಡಳಿತ ನಡೆಸುವವರನ್ನು, ನಿಗದಿತ ವೇತನ ಮೀರಿದ ಮೇಲ್ವಿಚಾರಕರನ್ನು. ವಿಸಿಟಿಂಗ್ ಕಾರ್ಡಿನಲ್ಲಿ 'ಮ್ಯಾನೇಜರ್' ಎಂದಿದ್ದರೆ ಸಾಲದು, ಮಾಡುವ ಕೆಲಸವೇನೆಂದು ನ್ಯಾಯಾಲಯ ನೋಡುತ್ತದೆ. 2015ರಲ್ಲಿ ಟಿಸಿಎಸ್ ಕೆಲಸ ಕಳೆದುಕೊಂಡಿದ್ದ ಎಂಜಿನಿಯರೊಬ್ಬರನ್ನು ಮರಳಿ ಸೇರಿಸಿಕೊಳ್ಳುವಂತೆ ಚೆನ್ನೈನ ಕಾರ್ಮಿಕ ನ್ಯಾಯಾಲಯ 2022ರಲ್ಲಿ ಆದೇಶಿಸಿತು. ಕಾನೂನು ಇದೆ ಎಂಬುದಕ್ಕೂ, ಅದು ಬರುವಷ್ಟರಲ್ಲಿ ಏಳು ವರ್ಷವಾಗುತ್ತದೆ ಎಂಬುದಕ್ಕೂ ಅದೇ ಸಾಕ್ಷಿ.

ಕರ್ನಾಟಕದ ವಿಚಾರ ಇನ್ನೂ ಸ್ವಾರಸ್ಯದ್ದು. ನೌಕರಿಯ ಷರತ್ತು, ಶಿಸ್ತುಕ್ರಮದ ವಿಧಾನವನ್ನು ಬರೆದಿಡಬೇಕೆಂದು ಹೇಳುತ್ತಿದ್ದ 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ ರಾಜ್ಯ ಸರ್ಕಾರ ಐಟಿ ಕಂಪನಿಗಳಿಗೆ ವಿನಾಯಿತಿ ಕೊಡುತ್ತ ಬಂದಿದೆ. 2014ರಲ್ಲಿ ಐದು ವರ್ಷಕ್ಕೆ, 2019ರಲ್ಲಿ ಮತ್ತೆ ಐದು, 2024ರಲ್ಲಿ ಇನ್ನೂ ಐದು. ವಿನಾಯಿತಿ ಬಿಟ್ಟಿಯಲ್ಲ, ಅದಕ್ಕೆ ಷರತ್ತುಗಳಿವೆ. ಆಡಳಿತದವರೂ ನೌಕರರೂ ಸಮಸಂಖ್ಯೆಯಲ್ಲಿರುವ ಕುಂದುಕೊರತೆ ಸಮಿತಿ ಇರಬೇಕು, ಲೈಂಗಿಕ ಕಿರುಕುಳ ತಡೆಯ ಆಂತರಿಕ ಸಮಿತಿ ಇರಬೇಕು. ಅಮಾನತು, ಹಿಂಬಡ್ತಿ, ವಜಾ ಮಾಡಿದರೆ ಕಾರ್ಮಿಕ ಇಲಾಖೆಗೆ ತಿಳಿಸಬೇಕು.

ಈಗ ಮೊದಲಿನ ಮಾತಿಗೆ ಬನ್ನಿ. ವಜಾ ಮಾಡಿದರೆ ತಿಳಿಸಬೇಕು. ರಾಜೀನಾಮೆಯಾದರೆ? ತಿಳಿಸಬೇಕಾದ ಪಟ್ಟಿಯಲ್ಲಿ ಅದಿಲ್ಲ. ಒಂದು ಪದ ಬದಲಾದರೆ ಇಲಾಖೆಯ ಕಡತದಲ್ಲಿ ಆ ಮನುಷ್ಯನ ಗುರುತೇ ಉಳಿಯುವುದಿಲ್ಲ. 2017ರಲ್ಲಿ ನೋಂದಣಿಯಾದ ರಾಜ್ಯದ ಐಟಿ ನೌಕರರ ಸಂಘ ಕಿಟು ಈ ವಿನಾಯಿತಿಯನ್ನೇ ತೆಗೆಯಿರಿ ಎಂದು ಕೇಳುತ್ತಿದೆ. ವಿನಾಯಿತಿ ಹೋದರೆ ಹೂಡಿಕೆ ಹೈದರಾಬಾದಿಗೆ ಹೋಗುತ್ತದೆ ಎಂದು ಉದ್ಯಮ ಹೇಳುತ್ತದೆ. ನಮ್ಮ ಅಭಿಪ್ರಾಯ ಕೇಳಿದರೆ, ತೆಗೆಯುವ ಮಾತು ಆಮೇಲೆ. ಇರುವ ಷರತ್ತು ಎಷ್ಟು ಕಂಪನಿಗಳಲ್ಲಿ ನಡೆಯುತ್ತಿದೆ ಎಂದು ಇಲಾಖೆ ಮೊದಲು ಎಣಿಸಿ ಜನರ ಮುಂದೆ ಇಡಲಿ.

ಉದ್ಯಮದ ಮಾತಿಗೆ ಸರ್ಕಾರದಲ್ಲಿರುವ ತೂಕ ಎಷ್ಟೆಂಬುದಕ್ಕೆ 2024ರ ಜುಲೈ ತಿಂಗಳೊಂದು ಸಾಕು. ಖಾಸಗಿ ಉದ್ಯೋಗಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಕೊಡುವ ಮಸೂದೆಗೆ ಸಂಪುಟ ಒಪ್ಪಿಗೆ ಕೊಟ್ಟಿತು, ಉದ್ಯಮಿಗಳು ಗದ್ದಲ ಎಬ್ಬಿಸಿದ ಮೇಲೆ ಎರಡು–ಮೂರು ದಿನದಲ್ಲಿ ತಡೆಹಿಡಿಯಿತು. ಅದೇ ತಿಂಗಳು ಐಟಿ ವಲಯದಲ್ಲಿ ದಿನಕ್ಕೆ 12 ಗಂಟೆಗೂ ಮೀರಿ ದುಡಿಸಲು ಅವಕಾಶ ಕೊಡುವ ತಿದ್ದುಪಡಿಯ ಪ್ರಸ್ತಾವ ಎದ್ದಿತು. ಬೇಡಿಕೆ ಉದ್ಯಮದ ಕಡೆಯಿಂದ ಬಂದದ್ದು ಎಂದು ಕಾರ್ಮಿಕ ಸಚಿವ ಸಂತೋಷ್ ಲಾಡ್ ಅವರೇ ಹೇಳಿದರು.

ಮೂರು ಜಿಲ್ಲೆ, ಎರಡು ರಾಜ್ಯ

ಬೀದರಿನ ಹುಡುಗರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ಜಹೀರಾಬಾದ್, ಸಂಗಾರೆಡ್ಡಿ ದಾಟಿ ಬಸ್ಸು ಮಿಯಾಪುರ ಮುಟ್ಟುವ ಹೊತ್ತಿಗೆ ಹೈಟೆಕ್ ಸಿಟಿ ಪಕ್ಕದಲ್ಲೇ ಇರುತ್ತದೆ. ಆದರೆ ಗಡಿ ದಾಟಿದರೆ ಕಾನೂನು ತೆಲಂಗಾಣದ್ದು. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕರ್ನಾಟಕದ ಕಾಯ್ದೆಯಲ್ಲಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಯ ಮಿತಿ. ತೆಲಂಗಾಣ 2025ರ ಜುಲೈನಲ್ಲಿ ವಾರದ 48 ಗಂಟೆ ಇಟ್ಟುಕೊಂಡೇ ದಿನದ ಮಿತಿಯನ್ನು 10 ಗಂಟೆಗೆ ಏರಿಸಿತು. ದೂರು ಕೊಡುವುದಿದ್ದರೂ ಕೆಲಸ ಮಾಡುವ ಊರಿನ ಇಲಾಖೆಗೇ. ಬೀದರಿನ ಶಾಸಕರಿಗೆ ಮನವಿ ಕೊಟ್ಟು ಪ್ರಯೋಜನವಿಲ್ಲ.

ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿಯ ಬಗ್ಗೆಯೂ ಮನೆಗಳಲ್ಲಿ ಗೊಂದಲವಿದೆ. ಆ ವಿಧಿಯಡಿ ಈ ಭಾಗದ ವಿದ್ಯಾಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ 70, ರಾಜ್ಯದ ಉಳಿದ ಕಡೆ ಶೇ 8ರಷ್ಟು ಸೀಟು ಮೀಸಲು, ಸರ್ಕಾರಿ ನೌಕರಿಯಲ್ಲೂ ಪಾಲು ಇದೆ. ಎಂಜಿನಿಯರಿಂಗ್ ಕಾಲೇಜಿನ ತನಕ ಕೈಹಿಡಿದು ಕರೆದೊಯ್ಯುವ 371(ಜೆ) ಖಾಸಗಿ ಕಂಪನಿಯ ಗೇಟಿನ ಹೊರಗೇ ನಿಲ್ಲುತ್ತದೆ.

ಗೇಟಿನ ಒಳಗೆ ಹೋದವರಲ್ಲಿ ಅನೇಕರು ಮನೆಯಲ್ಲಿ ಮೊದಲ ಸಂಬಳದಾರರು. ಶಿಕ್ಷಣ ಸಾಲದ ಕಂತು, ತಂಗಿಯ ಮದುವೆ, ಹೊಲಕ್ಕೆ ಬೋರ್‌ವೆಲ್, ಎಲ್ಲವೂ ಒಂದೇ ಖಾತೆಯ ಮೇಲೆ. ಬೆಂಗಳೂರಿನಲ್ಲಿ ಸ್ವಂತ ಮನೆ ಇರುವ ಸಹೋದ್ಯೋಗಿ ಆರು ತಿಂಗಳು ಕೆಲಸವಿಲ್ಲದೆ ತಡೆದುಕೊಂಡಾನು, ಇವರಿಗೆ ಎರಡನೇ ತಿಂಗಳಿಗೇ ಉಸಿರು ಕಟ್ಟುತ್ತದೆ. ಹಾಗಾಗಿ ಅತಿ ಕಡಿಮೆ ದೂರು ಬರುವುದೂ ಇವರಿಂದಲೇ, ಪೋರ್ಟಲ್‌ನಲ್ಲಿ 'ಕೌಟುಂಬಿಕ ಕಾರಣ' ಎಂದು ಬೇಗ ಒತ್ತುವವರೂ ಇವರೇ. ಊರಿಗೆ ಬಂದರೆ ಲೀವ್ ಹಾಕಿ ಬಂದೀನಿ ಎನ್ನುತ್ತಾರೆ.

ಇನ್ನು ಮುಂದೆ

ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಈ ಚಿತ್ರವನ್ನು ಕೊಂಚ ಬದಲಿಸಬಲ್ಲ ಮೂರು ಸಂಗತಿಗಳಿವೆ. ಎಲ್ಲರಿಗೂ ನೇಮಕಾತಿ ಪತ್ರ ಕಡ್ಡಾಯ. ಕೆಲಸ ಬಿಟ್ಟರೂ ತೆಗೆದರೂ ಬಾಕಿ ವೇತನ ಎರಡು ಕೆಲಸದ ದಿನಗಳೊಳಗೆ ಕೈಸೇರಬೇಕು, 'ಸಹಿ ಮಾಡು, ಆಮೇಲೆ ಸೆಟಲ್‌ಮೆಂಟ್' ಎಂಬ ಹಗ್ಗ ಇದರಿಂದ ಸ್ವಲ್ಪ ಸಡಿಲವಾದೀತು. ಇಪ್ಪತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಪ್ರತಿ ಸಂಸ್ಥೆಯಲ್ಲೂ ಕುಂದುಕೊರತೆ ಸಮಿತಿ ಇರಬೇಕು. ಅದರಲ್ಲಿ ಹತ್ತಕ್ಕೆ ಮೀರದ ಸದಸ್ಯರು, ಎರಡೂ ಕಡೆಯವರು ಸಮ, ಅಧ್ಯಕ್ಷತೆ ಸರದಿಯಂತೆ, ದೂರಿನ ವಿಚಾರಣೆ 30 ದಿನದಲ್ಲಿ ಮುಗಿಯಬೇಕು. ಕರ್ನಾಟಕದಲ್ಲಿ ವಿನಾಯಿತಿಯ ಷರತ್ತಾಗಿ ಕಾಗದದಲ್ಲಿದ್ದದ್ದು ಈಗ ನೇರ ಕಾನೂನು.

ಸಮಿತಿ ಕೆಲಸ ಮಾಡಿದರೆ ಏನಾದೀತು? ಬಹಳ ದೊಡ್ಡದೇನಲ್ಲ. ಕಡಿತ ನಿಲ್ಲುವುದಿಲ್ಲ, ಗ್ರಾಹಕರು ಹೆಚ್ಚು ದುಡ್ಡು ಕೊಡುವುದಿಲ್ಲ. ಆದರೆ ನಾಲ್ಕು ಗಂಟೆಯ ಮೀಟಿಂಗ್‌ಗೆ ಒಂದು ಕಾಗದ ಹುಟ್ಟುತ್ತದೆ. ಕಾಗದ ಹುಟ್ಟಿದರೆ ಕಾರಣ ಬರೆಯಬೇಕಾಗುತ್ತದೆ, ಬರೆಯಬೇಕಾದಾಗ ಮೇಲಿನವರೂ ಒಮ್ಮೆ ಯೋಚಿಸುತ್ತಾರೆ. ಕೆಲಸ ಮಾಡದಿದ್ದರೆ ಆಗುವುದು ಈಗಾಗಲೇ ಕಣ್ಣಮುಂದಿದೆ: ಚಲೋ ಕೆಲಸಗಾರರು ಮೊದಲು ಜಾಗ ಹುಡುಕಿ ಹೊರಡುತ್ತಾರೆ, ಉಳಿದವರು ತಲೆ ತಗ್ಗಿಸಿ ಹಾಜರಿಯ ಶೇಕಡಾವಾರು ಎಣಿಸುತ್ತಾರೆ. ಅಂಥವರಿಂದ ಹೊಸದೇನನ್ನೂ ಮಾಡಿಸಲು ಸಾಧ್ಯವಿಲ್ಲವೆಂಬುದು ಕಂಪನಿಗೆ ಗೊತ್ತಾಗುವುದು ತಡವಾಗಿ.

ಕಲಬುರಗಿಯ ಪಿಡಿಎ ಕಾಲೇಜಿನಲ್ಲಿ, ಬೀದರಿನ ಗುರುನಾನಕ್ ದೇವ್ ಕಾಲೇಜಿನಲ್ಲಿ, ಭಾಲ್ಕಿಯಲ್ಲಿ ಕ್ಯಾಂಪಸ್ ಆಯ್ಕೆಯ ದಿನಗಳು ಬರುತ್ತವೆ. ಕಂಪನಿಯವರು ಸ್ಲೈಡ್ ತೋರಿಸಿ ಮುಗಿಸಿ, ಪ್ರಶ್ನೆ ಇದ್ದರೆ ಕೇಳಿ ಎನ್ನುತ್ತಾರೆ. ಪೋಸ್ಟಿಂಗ್ ಎಲ್ಲಿ, ಬಾಂಡ್ ಎಷ್ಟು ವರ್ಷ ಎಂಬ ಎರಡು ಪ್ರಶ್ನೆ ಬಂದೇ ಬರುತ್ತವೆ. ನಿಮ್ಮ ಕುಂದುಕೊರತೆ ಸಮಿತಿಯಲ್ಲಿ ನೌಕರರ ಕಡೆಯವರು ಯಾರು, ಅವರನ್ನು ಆರಿಸಿದವರು ಯಾರು ಎಂದು ಮೂರನೆಯದನ್ನು ಕೇಳಲು ಹಿಂದಿನ ಸಾಲಿನ ಯಾರಾದರೂ ಕೈ ಎತ್ತಬಹುದು. ಆಫರ್ ಲೆಟರ್ ಇನ್ನೂ ಕೈಗೆ ಬಂದಿರುವುದಿಲ್ಲ, ಅದಕ್ಕೇ ಕೈ ಎತ್ತಲು ಹಿಂಜರಿಯಲೂಬಹುದು.